ಮಷಿನ್ ನಿಂತ ಮೇಲೆ ಶುರುವಾಗುವ ಜಗಳ: ಲಾಂಡ್ರಿ ಕೋಣೆ ಹಂಚಿಕೊಳ್ಳುವುದು ಹೇಗೆ?

ಅಪಾರ್ಟ್‌ಮೆಂಟಿನ ಲಾಂಡ್ರಿ ಕೋಣೆಯಲ್ಲಿ ವಾಷಿಂಗ್ ಮಷಿನ್ ಓಡುತ್ತಿರುವಷ್ಟು ಹೊತ್ತು ಯಾರೂ ಜಗಳವಾಡುವುದಿಲ್ಲ. ಅದು ಬೀಪ್ ಎಂದು ನಿಲ್ಲುತ್ತದೆ. ಒಳಗಿರುವ ಬಟ್ಟೆಯ ಒಡೆಯರ ಸುಳಿವಿಲ್ಲ. ಮುಂದಿನವರು ಬುಟ್ಟಿ ಹಿಡಿದು ಒಮ್ಮೆ ಮಷಿನ್ ಕಡೆಗೆ, ಒಮ್ಮೆ ಬಾಗಿಲಿನ ಕಡೆಗೆ ನೋಡುತ್ತಾರೆ. ಸಿಟ್ಟು ಹೊತ್ತಿಕೊಳ್ಳುವುದು ಆ ಹತ್ತಿಪ್ಪತ್ತು ನಿಮಿಷಗಳಲ್ಲಿ. ಆಮೇಲೆ ಒದ್ದೆ ಬಟ್ಟೆ ಮಷಿನ್ ಮೇಲೆ ಮುದ್ದೆಯಾಗಿ ಬೀಳುತ್ತದೆ, ಗೋಡೆಯ ಮೇಲೆ ಖಾರವಾದ ಚೀಟಿ ಏಳುತ್ತದೆ, ಲಿಫ್ಟಿನಲ್ಲಿ ಎದುರಾದಾಗ ಇಬ್ಬರೂ ಮೊಬೈಲ್ ನೋಡತೊಡಗುತ್ತಾರೆ. ಹಾಗಾಗಿ ಶಿಷ್ಟಾಚಾರದ ಮುಕ್ಕಾಲು ಪಾಲು ಮಷಿನ್ ನಿಂತ ನಂತರದ ಆ ಅವಧಿಗೆ ಸೇರಿದ್ದು. ಉಳಿದ ಕಾಲು ಪಾಲನ್ನೂ ಮುಂದೆ ನೋಡೋಣ.

ಮೊದಲು ಸಮಯದ ಲೆಕ್ಕ ಸರಿಯಾಗಲಿ

ಬಟ್ಟೆ ಹಾಕಿ ಗುಂಡಿ ಒತ್ತುವ ಮೊದಲು ಯಾವ ಪ್ರೋಗ್ರಾಂ ಎಷ್ಟು ಹೊತ್ತು ಓಡುತ್ತದೆ ಎಂದು ತಿಳಿದಿರಬೇಕು. ಮುಂದಿನಿಂದ ಬಟ್ಟೆ ಹಾಕುವ ಮಷಿನ್‌ಗಳಲ್ಲಿ ‘ಕ್ವಿಕ್’ ಪ್ರೋಗ್ರಾಂ ಸಾಮಾನ್ಯವಾಗಿ ಅರ್ಧ ಗಂಟೆಯ ಆಸುಪಾಸಿನಲ್ಲಿ ಮುಗಿದರೆ, 60 ಡಿಗ್ರಿಯ ‘ಕಾಟನ್’ ಪ್ರೋಗ್ರಾಂ ಎರಡು ಗಂಟೆ ದಾಟುವುದುಂಟು. ನೀರು, ವಿದ್ಯುತ್ ಉಳಿಸುವ ‘ಇಕೋ’ ಆಯ್ಕೆ ಇನ್ನೂ ನಿಧಾನ. ಹೊರಗೆ ನಾಲ್ಕು ಮಂದಿ ಕಾಯುತ್ತಿರುವಾಗ ಎರಡು ಅಂಗಿಗಳಿಗಾಗಿ ದೀರ್ಘ ಪ್ರೋಗ್ರಾಂ ಹಾಕಿ ಹೋಗುವುದು ತಪ್ಪೆಂದು ಯಾವ ನಿಯಮದಲ್ಲೂ ಬರೆದಿರಲಿಕ್ಕಿಲ್ಲ. ಆದರೂ ಅದು ತಪ್ಪೇ.

ಮಷಿನ್ ತೋರಿಸುವ ಸಮಯ ಬರೀ ಅಂದಾಜು ಎಂಬುದೂ ನೆನಪಿರಲಿ. ಕೊನೆಯಲ್ಲಿ ಬಟ್ಟೆ ಹಿಂಡಲು ಡ್ರಮ್ ವೇಗವಾಗಿ ತಿರುಗಬೇಕು. ದಪ್ಪ ಟವೆಲ್ಲುಗಳೆಲ್ಲ ಒಂದೇ ಕಡೆ ಸೇರಿಕೊಂಡಿದ್ದರೆ ಮಷಿನ್ ಅದನ್ನು ಗುರುತಿಸಿ, ವೇಗ ತಗ್ಗಿಸಿ, ಬಟ್ಟೆಯನ್ನು ಹರಡಿಕೊಂಡು ಮತ್ತೆ ಪ್ರಯತ್ನಿಸುತ್ತದೆ. ಪರದೆಯ ಮೇಲೆ ‘1 ನಿಮಿಷ’ ಎಂಬುದು ಏಳೆಂಟು ನಿಮಿಷ ಅಲುಗಾಡದೆ ನಿಲ್ಲುವುದಕ್ಕೆ ಇದೊಂದು ಕಾರಣ. ಓಟ ಮುಗಿದರೂ ಬಾಗಿಲಿನ ಬೀಗ ಬಿಡಲು ಒಂದೆರಡು ನಿಮಿಷ ಬೇಕು. ಇದು ಗೊತ್ತಿಲ್ಲದವರು ಬಾಗಿಲನ್ನು ಜಗ್ಗಾಡಿ ಹಿಡಿಯನ್ನೇ ಮುರಿಯುತ್ತಾರೆ. ಆಗ ಜಗಳ ಇಬ್ಬರದಾಗಿ ಉಳಿಯುವುದಿಲ್ಲ, ಇಡೀ ಕಟ್ಟಡದ್ದಾಗುತ್ತದೆ.

ಪರಿಹಾರ ಸುಲಭ. ಮಷಿನ್ ತೋರಿಸಿದ ಸಮಯಕ್ಕಿಂತ ಐದು ನಿಮಿಷ ಮೊದಲೇ ಮೊಬೈಲಿನಲ್ಲಿ ಅಲಾರಂ ಇಟ್ಟುಕೊಳ್ಳಿ. ಮರೆಯುವುದಿಲ್ಲ ಎಂಬ ಧೈರ್ಯ ಬೇಡ. ಎಲ್ಲರೂ ಮರೆಯುತ್ತಾರೆ, ಜಾಣರು ಸ್ವಲ್ಪ ಜಾಸ್ತಿಯೇ ಮರೆಯುತ್ತಾರೆ. ಮನೆಯಿಂದ ದೂರ ಹೋಗುವುದಿದ್ದರೆ ಬಟ್ಟೆ ಹಾಕುವುದನ್ನೇ ಮುಂದೂಡಿ.

ಬೇರೆಯವರ ಬಟ್ಟೆ ಮುಟ್ಟಬಹುದೇ?

ಇಲ್ಲಿಯೇ ಎಲ್ಲ ಕಟ್ಟಡಗಳೂ ಎಡವುವುದು. ಮುಟ್ಟಲೇಬಾರದು ಎನ್ನುವವರ ಮಾತಿನಲ್ಲಿ ಹುರುಳಿದೆ: ಬಟ್ಟೆ, ಅದರಲ್ಲೂ ಒಳಉಡುಪು, ಮೈಗೆ ಅಂಟಿದ ಖಾಸಗಿ ವಸ್ತು. ಹಾಗೆಂದು ಒಬ್ಬರ ಮರೆವಿಗೆ ಉಳಿದವರು ಮಧ್ಯಾಹ್ನವಿಡೀ ಕಾಯಬೇಕೇ? ನನ್ನ ತೀರ್ಮಾನ ಇಷ್ಟು: ಮಷಿನ್ ನಿಂತು ಹದಿನೈದು ನಿಮಿಷ ಕಾಯುವುದು ಸೌಜನ್ಯ, ಆಮೇಲೆ ತೆಗೆಯುವುದು ಹಕ್ಕು. ಆದರೆ ಹೇಗೆ ತೆಗೆಯುತ್ತೀರಿ ಎಂಬುದರ ಮೇಲೆ ನೆರೆಹೊರೆಯ ಸಂಬಂಧ ನಿಂತಿರುತ್ತದೆ.

ಮೊದಲು, ಒಡೆಯರು ಯಾರೆಂದು ಗೊತ್ತಿದ್ದರೆ ಒಂದು ಫೋನ್ ಮಾಡಿ ಅಥವಾ ಸಂದೇಶ ಕಳಿಸಿ. ‘ನಿಮ್ಮ ಬಟ್ಟೆ ಆಗಿದೆ, ಬರುತ್ತೀರಾ, ಇಲ್ಲ ನಾನೇ ಬುಟ್ಟಿಗೆ ತೆಗೆದಿಡಲೇ?’ ಎಂದರೆ ಸಾಕು. ಹತ್ತರಲ್ಲಿ ಎಂಟು ಜನ ‘ಅಯ್ಯೋ, ಬಂದೆ’ ಎಂದು ಓಡಿ ಬರುತ್ತಾರೆ. ಉತ್ತರವಿಲ್ಲದಿದ್ದರೆ ಕೈ ತೊಳೆದುಕೊಂಡು ಒಣ, ಶುಭ್ರವಾದ ಬುಟ್ಟಿಗೆ ಎಲ್ಲವನ್ನೂ ಒಟ್ಟಿಗೆ ಹಾಕಿ. ಒಂದೊಂದನ್ನೇ ಎತ್ತಿ ಹಿಡಿದು ನೋಡುವುದು, ವಿಂಗಡಿಸುವುದು, ಉಪಕಾರ ಮಾಡುತ್ತೇನೆಂದು ಮಡಿಸಿಡುವುದು ಬೇಡವೇ ಬೇಡ. ಮಡಿಸಿಟ್ಟ ಒಳಉಡುಪನ್ನು ಕಂಡು ಸಂತೋಷಪಟ್ಟವರನ್ನು ನಾನಂತೂ ಕಂಡಿಲ್ಲ. ಡ್ರಮ್ಮಿನ ಒಳಗೆ ಕೈಯಾಡಿಸಿ, ಮೇಲ್ಭಾಗಕ್ಕೆ ಅಂಟಿಕೊಂಡ ಕಾಲುಚೀಲ, ಕರವಸ್ತ್ರಗಳನ್ನೂ ತೆಗೆಯಿರಿ. ಒಂಟಿ ಕಾಲುಚೀಲದ ಬಹುಪಾಲು ರಹಸ್ಯಗಳು ಅಲ್ಲಿಯೇ ಅಡಗಿರುತ್ತವೆ.

ಇನ್ನೊಂದು ಮುಖ್ಯ ಮಾತು: ಒದ್ದೆ ಬಟ್ಟೆಯನ್ನು ನೀವಾಗಿ ಡ್ರೈಯರ್‌ಗೆ ಹಾಕಬೇಡಿ. ಬಿಸಿಗೂ ಉರುಳಾಟಕ್ಕೂ ಉಣ್ಣೆಯ ಬಟ್ಟೆ ಕುಗ್ಗಿ ಮಗುವಿನ ಅಳತೆಗೆ ಬರುತ್ತದೆ, ಎಲಾಸ್ಟಿಕ್ ಸಡಿಲಾಗುತ್ತದೆ. ಒಳ್ಳೆಯ ಮನಸ್ಸಿನಿಂದ ಮಾಡಿದ್ದು ಎಂದರೆ ಸ್ವೆಟರ್ ಹಿಗ್ಗುವುದಿಲ್ಲ.

ತೆಗೆದಿಟ್ಟ ಮೇಲೆ ಒಂದು ಚೀಟಿ ಬಿಡಿ. ಮಾದರಿ ಇಲ್ಲಿದೆ:

‘ಮಷಿನ್ 2.40ಕ್ಕೆ ನಿಂತಿತು. 3 ಗಂಟೆಯವರೆಗೆ ಕಾದೆ. ನಿಮ್ಮ ಬಟ್ಟೆಯನ್ನೆಲ್ಲ ಈ ಬುಟ್ಟಿಯಲ್ಲಿಟ್ಟಿದ್ದೇನೆ, ಡ್ರೈಯರ್‌ಗೆ ಹಾಕಿಲ್ಲ. — ಮನೆ ನಂ. 304’

ಇದರಲ್ಲಿ ಬೈಗುಳವಿಲ್ಲ, ಬೋಧನೆಯಿಲ್ಲ, ಆಶ್ಚರ್ಯಸೂಚಕ ಚಿಹ್ನೆಯೂ ಇಲ್ಲ. ಸಮಯವಿದೆ, ಮನೆ ಸಂಖ್ಯೆಯಿದೆ. ಸಂಖ್ಯೆ ಬರೆಯುವಾಗ ಕೈ ಹಿಂಜರಿದರೆ ಚೀಟಿಯ ಧಾಟಿ ಸರಿಯಿಲ್ಲ ಎಂದೇ ತಿಳಿಯಿರಿ.

ಮುಂದಿನವರಿಗೆ ಮಷಿನ್ ಬಿಟ್ಟುಕೊಡುವಾಗ

ಕಣ್ಣಿಗೆ ಕಾಣದ ಉಳಿಕೆಗಳೇ ಇಲ್ಲಿ ತಂಟೆ ತರುವುದು. ಬ್ಲೀಚ್ ಬಳಸಿದ್ದರೆ ಖಾಲಿ ಮಷಿನ್ನನ್ನು ಒಮ್ಮೆ ‘ರಿನ್ಸ್’ನಲ್ಲಿ ಓಡಿಸಿ, ಇಲ್ಲವಾದರೆ ಮುಂದಿನವರ ಕಪ್ಪು ಪ್ಯಾಂಟಿನ ಮೇಲೆ ಕಂದು ಚುಕ್ಕೆ ಏಳುತ್ತದೆ. ಗಾಢ ಬಣ್ಣದ ಹೊಸ ಬಟ್ಟೆ ಒಗೆದಾಗಲೂ ಅಷ್ಟೇ. ಡಿಟರ್ಜೆಂಟನ್ನು ಪೊಟ್ಟಣದ ಮೇಲೆ ಹೇಳಿದ ಅಳತೆ ಮೀರಿ ಸುರಿಯಬೇಡಿ. ನೊರೆ ಹೆಚ್ಚಾದರೆ ಬಟ್ಟೆ ಹೆಚ್ಚು ಶುಭ್ರವಾಗುವುದಿಲ್ಲ, ಆ ನೊರೆ ಕಳೆಯಲು ಮಷಿನ್ ಮತ್ತೆ ಮತ್ತೆ ಜಾಲಿಸುತ್ತದೆ, ಕಾಯುವವರ ಸಮಯ ಅಲ್ಲಿ ಸೋರಿಹೋಗುತ್ತದೆ. ಸಾಕುಪ್ರಾಣಿಯ ಹಾಸಿಗೆ ಒಗೆಯುವ ಮೊದಲು ಕೂದಲನ್ನು ಹೊರಗೆ ಕೊಡವಿ. ಬಾಗಿಲಿನ ರಬ್ಬರ್ ಅಂಚಿನ ಮಡಿಕೆಯನ್ನು ಒಮ್ಮೆ ಒರೆಸಿ. ನಾಣ್ಯ, ಹೇರ್‌ಪಿನ್, ಬೂಷ್ಟು ಹಿಡಿದ ನೀರು, ಎಲ್ಲವೂ ಅಲ್ಲಿ ಕೂತಿರುತ್ತವೆ. ಒಳಗಿನ ತೇವ ಆರಲು ಬಾಗಿಲನ್ನು ಅರೆ ತೆರೆದೇ ಬಿಡಿ.

ಡ್ರೈಯರ್ ವಿಷಯದಲ್ಲಿ ಮಾತ್ರ ಶಿಷ್ಟಾಚಾರ ಸುರಕ್ಷತೆಯೂ ಆಗುತ್ತದೆ. ಬಟ್ಟೆಯಿಂದ ಉದುರುವ ನವಿರಾದ ಜುಂಗು ಫಿಲ್ಟರಿನಲ್ಲಿ ಬೂದು ಬಣ್ಣದ ಹಾಳೆಯಂತೆ ಕಟ್ಟಿಕೊಳ್ಳುತ್ತದೆ. ಅದು ಗಾಳಿಯ ದಾರಿ ಮುಚ್ಚುವುದರಿಂದ ಬಟ್ಟೆ ಒಣಗುವುದು ತಡವಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಜುಂಗು ಸುಲಭವಾಗಿ ಬೆಂಕಿ ಹಿಡಿಯುವ ವಸ್ತು. ಪ್ರತಿ ಸಲವೂ ಬಟ್ಟೆ ತೆಗೆದ ತಕ್ಷಣ ಫಿಲ್ಟರ್ ಎಳೆದು ಬೆರಳಿನಿಂದ ಸುರುಳಿ ಸುತ್ತಿ ತೆಗೆದರೆ ಅರ್ಧ ನಿಮಿಷದ ಕೆಲಸ. ಅಡುಗೆ ಎಣ್ಣೆಯಲ್ಲಿ ನೆನೆದ ಒರೆಸುವ ಬಟ್ಟೆ, ಪೆಟ್ರೋಲ್ ಅಥವಾ ಥಿನ್ನರ್ ಸೋಕಿದ ಬಟ್ಟೆ ಡ್ರೈಯರ್‌ಗೆ ಹೋಗಲೇಕೂಡದು. ಒಗೆದರೂ ಉಳಿಯುವ ಎಣ್ಣೆಯ ಅಂಶ ಬಿಸಿ ರಾಶಿಯೊಳಗೆ ತಾನಾಗಿಯೇ ಇನ್ನಷ್ಟು ಬಿಸಿಯಾಗಿ ಹೊತ್ತಿಕೊಳ್ಳಬಲ್ಲದು. ಡ್ರೈಯರ್ ಕೊನೆಯ ಕೆಲವು ನಿಮಿಷ ಬಿಸಿಯಿಲ್ಲದೆ ತಿರುಗುವುದು ಬಟ್ಟೆ ತಣಿಯಲೆಂದೇ. ಸರದಿ ಬಂತೆಂಬ ಅವಸರದಲ್ಲಿ ಆ ಹಂತವನ್ನು ನಿಲ್ಲಿಸಬೇಡಿ, ಬೇರೆಯವರಿಗೂ ನಿಲ್ಲಿಸಲು ಹೇಳಬೇಡಿ.

ಸರದಿ ಹಾಳೆ: ಸರಳವಾಗಿದ್ದರೆ ಮಾತ್ರ ನಡೆಯುತ್ತದೆ

ಮನೆಗಳು ಹೆಚ್ಚು, ಮಷಿನ್ ಕಡಿಮೆ ಇದ್ದಲ್ಲಿ ಬುಕಿಂಗ್ ಪದ್ಧತಿ ಬೇಕೇ ಬೇಕು. ಇದರಲ್ಲಿ ಪಳಗಿದವರು ಸ್ವೀಡನ್ನಿನವರು. ಅಲ್ಲಿನ ಅಪಾರ್ಟ್‌ಮೆಂಟುಗಳಲ್ಲಿ ಸಾಮೂಹಿಕ ಲಾಂಡ್ರಿ ಕೋಣೆ ತೀರಾ ಸಾಮಾನ್ಯ. ಗೋಡೆಯ ಫಲಕದಲ್ಲಿ ದಿನ, ಹೊತ್ತುಗಳ ಚೌಕಗಳಿದ್ದು, ಪ್ರತಿ ಮನೆಯವರೂ ತಮ್ಮ ಪುಟ್ಟ ಬೀಗವನ್ನು ಬೇಕಾದ ಚೌಕಕ್ಕೆ ಸಿಕ್ಕಿಸಿ ಹೊತ್ತನ್ನು ಕಾದಿರಿಸುತ್ತಾರೆ. ಒಂದು ಮನೆಗೆ ಒಂದೇ ಬೀಗ, ಆದ್ದರಿಂದ ಒಬ್ಬರೇ ವಾರವಿಡೀ ಹಿಡಿದುಕೊಳ್ಳಲಾಗದು. ಈಗ ಎಷ್ಟೋ ಕಡೆ ಈ ಕೆಲಸ ಡಿಜಿಟಲ್ ಪರದೆಗೆ ಹೋಗಿದೆ. ಅಷ್ಟೆಲ್ಲ ವ್ಯವಸ್ಥೆಯಿದ್ದೂ ಲಾಂಡ್ರಿ ಕೋಣೆಯ ಸಿಟ್ಟಿನ ಚೀಟಿಗಳು ಅಲ್ಲಿ ದೇಶಕ್ಕೇ ಪರಿಚಿತ ತಮಾಷೆ ಎಂಬುದು ನಮಗೆ ಸಮಾಧಾನ ತರಬೇಕು.

ನಿಮ್ಮಲ್ಲಿ ಬೀಗದ ಫಲಕ ಬೇಡ, ಒಂದು ಹಾಳೆ, ದಾರ ಕಟ್ಟಿದ ಪೆನ್ನು ಸಾಕು. ದಾರ ಕಟ್ಟದ ಪೆನ್ನು ಎರಡು ದಿನವೂ ಉಳಿಯುವುದಿಲ್ಲ. ಹಾಳೆಯ ತಲೆಯ ಮೇಲೆ ನಾಲ್ಕೇ ಮಾತು ಇರಲಿ: ಒಂದು ಮನೆಗೆ ಒಂದು ಸಲಕ್ಕೆ ಎಷ್ಟು ಮಷಿನ್; ಕಾದಿರಿಸಿದವರು ಎಷ್ಟು ನಿಮಿಷ ತಡವಾದರೆ ಸರದಿ ಬೇರೆಯವರಿಗೆ; ನಿಂತ ಮಷಿನ್ ಖಾಲಿ ಮಾಡಲು ಎಷ್ಟು ನಿಮಿಷ; ರಾತ್ರಿ ಎಷ್ಟು ಗಂಟೆಯ ನಂತರ ಓಡಿಸಬಾರದು. ಕೊನೆಯದನ್ನು ಕೆಳಗಿನ, ಪಕ್ಕದ ಮನೆಗಳವರನ್ನು ಕೇಳಿಯೇ ನಿಗದಿ ಮಾಡಿ. ಹಿಂಡುವಾಗಿನ ನಡುಕ ಗಾಳಿಯಲ್ಲಿ ಬರುವ ಸದ್ದಿನಂತಲ್ಲ. ಅದು ನೆಲ, ಗೋಡೆಗಳ ಮೂಲಕ ಸಾಗಿ ಮಂಚದವರೆಗೂ ಬರುತ್ತದೆ. ಹದಿನಾರು ಅಂಶಗಳ ನಿಯಮಾವಳಿ ಬರೆಯುವ ಆಸೆ ಸಂಘದ ಕಾರ್ಯದರ್ಶಿಗಳಿಗೆ ಸಹಜವಾಗಿ ಬರುತ್ತದೆ. ದಯವಿಟ್ಟು ತಡೆಯಿರಿ.

ಮಾತನಾಡಲೇಬೇಕಾದಾಗ

ಅದೇ ಮನೆಯವರು ಪದೇ ಪದೇ ಬಟ್ಟೆ ಬಿಟ್ಟು ಹೋಗುತ್ತಿದ್ದರೆ ಚೀಟಿಯ ಕೆಲಸ ಮುಗಿಯಿತು, ಬಾಯಿ ತೆರೆಯಬೇಕು. ಆದರೆ ಲಾಂಡ್ರಿ ಕೋಣೆಯಲ್ಲಿ, ಸಿಟ್ಟು ಬಂದ ಗಳಿಗೆಯಲ್ಲಿ ಅಲ್ಲ. ಮಾರನೆಯ ದಿನ, ಬೇರೆಯವರಿಲ್ಲದಾಗ ಒಂದೇ ವಿಷಯ ಹಿಡಿದು ಹೇಳಿ. ‘ನೀವು ಯಾವಾಗಲೂ ಹೀಗೆಯೇ’ ಎಂದರೆ ಎದುರಿನವರು ಹಾಗಲ್ಲದ ಒಂದು ದಿನವನ್ನು ಹುಡುಕಿ ತರುತ್ತಾರೆ. ‘ಈ ವಾರ ಎರಡು ಸಲ ಮುಕ್ಕಾಲು ಗಂಟೆ ಕಾದೆ. ನಿಮಗೆ ಯಾವ ಹೊತ್ತು ಅನುಕೂಲ ಹೇಳಿ, ನಾನು ಬೇರೆ ಹೊತ್ತು ನೋಡಿಕೊಳ್ಳುತ್ತೇನೆ’ ಎಂದು ನೋಡಿ. ಕೈಕೂಸಿರುವ ಮನೆ, ಮೆಟ್ಟಿಲು ಹತ್ತಲಾರದ ಹಿರಿಯರು, ರಾತ್ರಿ ಪಾಳಿಯ ಕೆಲಸ, ಕಾರಣ ಏನಾದರೂ ಇರಬಹುದು. ಇಲ್ಲದೆಯೂ ಇರಬಹುದು.

ಒದ್ದೆ ಬಟ್ಟೆಯ ಫೋಟೊ ತೆಗೆದು ‘ಇದು ಯಾರದು?’ ಎಂದು ಕಟ್ಟಡದ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದು ಅತಿ ಕೆಟ್ಟ ದಾರಿ. ಬಟ್ಟೆ ಬಿಟ್ಟದ್ದು ಮರೆವು, ಅದನ್ನು ನೂರು ಜನಕ್ಕೆ ತೋರಿಸಿದ್ದು ಅವಮಾನ. ಆ ಕ್ಷಣದಿಂದ ತಪ್ಪು ನಿಮ್ಮದಾಗುತ್ತದೆ.

ಬಣ್ಣ ಹತ್ತಿ ಬಟ್ಟೆ ಹಾಳಾದಾಗ ಮೊದಲು ವಾದ ಬಿಟ್ಟು ಬಟ್ಟೆ ಉಳಿಸಿಕೊಳ್ಳಿ. ಒಣಗಲು ಬಿಡದೆ ತಕ್ಷಣ ಮತ್ತೊಮ್ಮೆ ಒಗೆದರೆ ಹತ್ತಿದ ಬಣ್ಣ ಬಹಳಷ್ಟು ಸಲ ಇಳಿಯುತ್ತದೆ. ಡ್ರೈಯರಿನ ಬಿಸಿ ತಗುಲಿದರೆ ಅದು ಗಟ್ಟಿಯಾಗಿ ಕೂರುತ್ತದೆ. ನಷ್ಟ ಯಾರದ್ದೆಂಬ ಪ್ರಶ್ನೆ ಆಮೇಲಿನದು. ಹಿಂದಿನ ಸರದಿ ಯಾರದ್ದಿತ್ತು ಎಂದು ಹಾಳೆಯಲ್ಲಿ ಬರೆದಿದ್ದರೆ ಅದಕ್ಕೂ ಉತ್ತರ ಸಿಗುತ್ತದೆ.

ಇಷ್ಟಾದರೂ ಬಗೆಹರಿಯದಿದ್ದರೆ ನಿವಾಸಿಗಳ ಸಂಘಕ್ಕೆ ಹೋಗಿ. ವ್ಯಕ್ತಿಯ ಮೇಲಿನ ದೂರಿನ ಬದಲು ಕೋಣೆಗೊಂದು ಬೇಡಿಕೆ ಇಡಿ: ಗೋಡೆಗೆ ಒಂದು ಕಪಾಟು, ಮನೆ ಸಂಖ್ಯೆ ಬರೆದ ಬುಟ್ಟಿಗಳು, ಎಲ್ಲರಿಗೂ ಕಾಣುವ ಗಡಿಯಾರ. ತೆಗೆದ ಬಟ್ಟೆಯನ್ನು ಎಲ್ಲಿಡಬೇಕು ಎಂಬುದು ಗೊತ್ತಿಲ್ಲದೆಯೇ ಅರ್ಧ ಜಗಳಗಳು ಹುಟ್ಟುವುದರಿಂದ, ಮೂರರಲ್ಲಿ ಒಂದನ್ನಷ್ಟೇ ಕೊಡುತ್ತೇವೆಂದರೆ ಬುಟ್ಟಿಗಳನ್ನೇ ಕೇಳಿ.