ಮೂಗಿಗೆ ಟ್ಯೂಬ್ ಹಾಕಿದ್ದರೂ ಹಲ್ಲುಜ್ಜಬೇಕು

ಲಕ್ವ ಹೊಡೆದು ಆಸ್ಪತ್ರೆ ಸೇರಿದವರ ಪಕ್ಕ ಕೂತಾಗ ಕರುಳು ಚುರ್ ಅನ್ನುತ್ತದೆ. "ಪಾಪ, ಬಾಯಿ ಒಣಗಿದೆ, ಒಂದು ಗುಟುಕು ನೀರು ಕೊಡೋಣ" ಅನ್ನಿಸುತ್ತದೆ. ದಯವಿಟ್ಟು ಕೊಡಬೇಡಿ. ನುಂಗಲು ಆಗುತ್ತದೆಯೇ ಎಂದು ನರ್ಸ್ ಅಥವಾ ಸ್ಪೀಚ್ ಥೆರಪಿಸ್ಟ್ (ಮಾತು ಮತ್ತು ನುಂಗುವ ತೊಂದರೆ ನೋಡುವ ತಜ್ಞರು) ಮೊದಲು ಪರೀಕ್ಷಿಸಲಿ. ಲಕ್ವದ ಮೊದಲ ದಿನಗಳಲ್ಲಿ ಹೆಚ್ಚುಕಡಿಮೆ ಅರ್ಧ ಜನರಿಗೆ ನುಂಗುವ ತೊಂದರೆ ಇರುತ್ತದೆ. ನೀರು, ಎಳನೀರು ಸರ‍್ರನೆ ಜಾರಿ ಶ್ವಾಸನಾಳಕ್ಕೆ ಇಳಿಯಬಹುದು. ಕೆಲವರಿಗೆ ಆಗ ಕೆಮ್ಮು ಕೂಡ ಬರುವುದಿಲ್ಲ.

"ಊಟ ಟ್ಯೂಬಿನಲ್ಲಿ ಹೋಗ್ತಿದೆ, ಹಲ್ಲುಜ್ಜೋದು ಯಾಕೆ?" ಎಂದು ಕೇಳುವವರು ಜಾಸ್ತಿ. ಅಂಥವರ ಬಾಯಿಗೇ ಹೆಚ್ಚು ಆರೈಕೆ ಬೇಕು. ಅಗಿಯದ ಬಾಯಲ್ಲಿ ಜೊಲ್ಲು ಸರಿಯಾಗಿ ಹರಿಯುವುದಿಲ್ಲ. ನಾಲಿಗೆ ಮೇಲೆ ಪದರ ಕಟ್ಟುತ್ತದೆ, ಬ್ಯಾಕ್ಟೀರಿಯಾ ಬೆಳೆಯುತ್ತವೆ. ಆ ಜೊಲ್ಲು ಸದ್ದಿಲ್ಲದೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು.

ಹಲ್ಲುಜ್ಜುವುದು ಹೇಗೆ? ಮೊದಲ ದಿನ ನರ್ಸ್ ಮಾಡುವುದನ್ನು ನೋಡಿ ಕಲಿಯಿರಿ. ಕೈ ತೊಳೆದು, ಮಂಚದ ತಲೆಭಾಗ ಎತ್ತಿಸಿ. ಏಳಲು ಆಗದವರನ್ನು ಒಂದು ಮಗ್ಗುಲಿಗೆ ತಿರುಗಿಸಿ, ಕೆನ್ನೆ ಕೆಳಗೆ ಟವೆಲ್ ಇಡಿ. ಕಟ್ಟಿಸಿದ ಹಲ್ಲಿದ್ದರೆ ತೆಗೆದು ಬೇರೆಯಾಗಿ ತೊಳೆಯಿರಿ. ಮಕ್ಕಳ ಮೆತ್ತನೆ ಬ್ರಷ್ ಸಾಕು. ಪೇಸ್ಟ್ ಕಡಲೆಕಾಳಿಗಿಂತ ಜಾಸ್ತಿ ಬೇಡ, ನೊರೆ ಕಡಿಮೆ ಇದ್ದಷ್ಟೂ ಒಳ್ಳೆಯದು. ಬ್ರಷ್ ಒದ್ದೆಯಾಗಿರಲಿ, ನೀರು ತೊಟ್ಟಿಕ್ಕಬಾರದು. ಹಲ್ಲು, ವಸಡು, ನಾಲಿಗೆ ಎಲ್ಲವನ್ನೂ ಹಗುರವಾಗಿ ಉಜ್ಜಿ. ಬಾಯಲ್ಲಿ ಸೇರಿದ ನೀರನ್ನು ನರ್ಸ್ ಸಕ್ಷನ್ ಯಂತ್ರದ ಕೊಳವೆಯಿಂದ ಹೀರಿ ತೆಗೆಯಲಿ. ಬಾಯಿಗೆ ನೀರು ಸುರಿದು ಮುಕ್ಕಳಿಸಲು ಹೇಳಬೇಡಿ. ಹಲ್ಲಿನ ನಡುವೆ ಬೆರಳನ್ನೂ ಇಡಬೇಡಿ, ಅವರಿಗೆ ಅರಿವಿಲ್ಲದೆಯೇ ಕಚ್ಚಬಹುದು. ದಿನಕ್ಕೆ ಎರಡು ಸಲವಾದರೂ ಇಷ್ಟು ಮಾಡಿ. ನಡುವೆ ಬಾಯಿ ಒಣಗಿದರೆ ಒದ್ದೆ ಗಾಜ್ ಬಟ್ಟೆಯನ್ನು ಹಿಂಡಿ ಒರೆಸಿ. ಮೌತ್‌ವಾಶ್ ಬೇಕೇ ಬೇಡವೇ ಎಂದು ಡಾಕ್ಟರೇ ಹೇಳಲಿ.

ಬಾಯಿಂದ ಕೊಡಬಹುದು ಎಂದ ಮೇಲೂ ಅವಸರ ಬೇಡ. ಚೆನ್ನಾಗಿ ಎಚ್ಚರ ಇರುವಾಗ, ನೆಟ್ಟಗೆ ಕೂರಿಸಿ ತಿನ್ನಿಸಿ. ಎಷ್ಟು ಗಟ್ಟಿ ಇರಬೇಕು ಎಂದು ಥೆರಪಿಸ್ಟ್ ಹೇಳುತ್ತಾರೆ. ನುಣ್ಣಗೆ, ಗಟ್ಟಿಯಾಗಿ ಬೇಯಿಸಿದ ರಾಗಿ ಸರಿ ಅನೇಕರಿಗೆ ನೀರಿಗಿಂತ ಸುಲಭ. ತಿಳಿಸಾರು ಕಲಸಿದ ಅನ್ನ ಮೆತ್ತಗೆ ಕಂಡರೂ ಕಷ್ಟ: ಅನ್ನ ಬಾಯಲ್ಲಿ ಉಳಿಯುತ್ತದೆ, ಸಾರು ಮೊದಲೇ ಗಂಟಲಿಗೆ ಇಳಿಯುತ್ತದೆ. ಒಂದೊಂದೇ ಟೀಚಮಚ ಕೊಡಿ. ನುಂಗಿದ್ದು ಖಚಿತವಾದ ಮೇಲೆ ಮುಂದಿನ ಚಮಚ. ತಿನ್ನಿಸುವಾಗ ಅವರನ್ನು ಮಾತಾಡಿಸಬೇಡಿ, ಟಿವಿಯೂ ಬೇಡ.

ಊಟವಾದ ಮೇಲೆ ಲಕ್ವ ಹೊಡೆದ ಕಡೆಯ ಕೆನ್ನೆಯೊಳಗೆ ಟಾರ್ಚ್ ಹಿಡಿದು ನೋಡಿ. ಅಲ್ಲಿ ತುತ್ತು ಉಳಿದಿರಬಹುದು, ಅವರಿಗೇ ಗೊತ್ತಾಗಿರುವುದಿಲ್ಲ. ಅದನ್ನು ತೆಗೆದು ಬಾಯಿ ಸ್ವಚ್ಛ ಮಾಡಿ, ಅರ್ಧ ಗಂಟೆಯಾದರೂ ಹಾಗೇ ಕೂರಿಸಿ.

ತಿನ್ನಿಸುವಾಗ ಕೆಮ್ಮು ಬಂದರೆ, ದನಿ ಗೊರಗೊರ ಆದರೆ, ಉಸಿರು ಜೋರಾದರೆ ಚಮಚ ಕೆಳಗಿಟ್ಟು ನರ್ಸ್‌ನ್ನು ಕರೆಯಿರಿ. ಆಮೇಲೆ ಜ್ವರ ಬಂದರೆ, ಏನು ತಿನ್ನಿಸಿದಿರಿ ಎಂಬುದನ್ನು ಮುಚ್ಚಿಡದೆ ಹೇಳಿ. ಕದ್ದು ಕೊಟ್ಟ ಒಂದು ಗುಟುಕು ನೀರಿದ್ದರೆ ಅದನ್ನೂ ಹೇಳಿ.