ನಾಣ್ಯ ಸಂಗ್ರಹಕ್ಕೆ ಒಂದು ಲೆಕ್ಕದ ಹಾಳೆ: ಹೀಗೆ ಮಾಡಿಕೊಳ್ಳಿ

ಹಳೆ ನಾಣ್ಯ ಕೂಡಿಡುವವರ ಮನೆಯಲ್ಲಿ ಬಿಸ್ಕತ್ತಿನ ಡಬ್ಬಿಯೋ ಬಟ್ಟೆಯ ಚೀಲವೋ ಒಂದು ಇದ್ದೇ ಇರುತ್ತದೆ. ಅದರಲ್ಲಿ ಜಾರ್ಜ್ ದೊರೆಯ ಕಾಲಾಣೆ, ತೂತಿನ ಕಾಸು, ಅಂಚು ಅಲೆಯಲೆಯಾಗಿರುವ ಹತ್ತು ಪೈಸೆ, ಅದೃಷ್ಟವಿದ್ದರೆ ಆನೆ ಇರುವ ಮೈಸೂರಿನ ತಾಮ್ರದ ಕಾಸು. ಯಾವ ವರ್ಷದ್ದು, ಎಷ್ಟು ಬೆಲೆಯದ್ದು ಎನ್ನುವುದನ್ನು ನಾಣ್ಯವೇ ಹೇಳುತ್ತದೆ. ಯಾರು ಕೊಟ್ಟರು, ಯಾವ ಊರಿನಲ್ಲಿ ಸಿಕ್ಕಿತು, ಎಷ್ಟು ಕೊಟ್ಟು ತಂದಿರಿ ಎನ್ನುವುದು ಗೊತ್ತಿರುವುದು ನಿಮಗೆ ಮಾತ್ರ. ಬರೆದಿಡದಿದ್ದರೆ ಅದು ಕಳೆದೇ ಹೋಗುತ್ತದೆ. ಹಾಗಾಗಿ ಮೊದಲು ನಿಮ್ಮದೇ ಹಾಳೆ ಮಾಡಿಕೊಳ್ಳಿ, ಆಪ್ ಆಮೇಲೆ.

ಗೂಗಲ್ ಶೀಟ್ಸ್ ಸಾಕು, ದುಡ್ಡು ಕೊಡಬೇಕಿಲ್ಲ, ಮೊಬೈಲಿನಲ್ಲೂ ತೆರೆಯುತ್ತದೆ. ಎಕ್ಸೆಲ್ ಅಭ್ಯಾಸವಿದ್ದರೆ ಅದೂ ಆಗುತ್ತದೆ. ಇಂಟರ್ನೆಟ್ ಬೇಡ ಎನ್ನುವವರಿಗೆ ಲಿಬ್ರೆ ಆಫೀಸ್ ಇದೆ.

ಮೊದಲು ಕಾಲಂಗಳು

ಮೊದಲ ಸಾಲಿನಲ್ಲಿ ಇವನ್ನು ಬರೆಯಿರಿ: ಸಂಖ್ಯೆ, ಮುಖಬೆಲೆ, ನಾಣ್ಯದ ಮೇಲಿನ ವರ್ಷ, ಕ್ರಿ.ಶ. ವರ್ಷ, ಮಿಂಟ್ (ನಾಣ್ಯ ಅಚ್ಚಾದ ಟಂಕಸಾಲೆ), ಲೋಹ, ತೂಕ, ಸ್ಥಿತಿ, ಎಲ್ಲಿಂದ ಬಂತು, ಯಾವಾಗ, ಕೊಟ್ಟ ಬೆಲೆ, ಎಲ್ಲಿಟ್ಟಿದೆ, ಈಗ ಇದೆಯೇ, ಷರಾ. ಆ ಸಾಲನ್ನು ಫ್ರೀಜ್ ಮಾಡಿ, ಕೆಳಗೆ ಎಷ್ಟೇ ಹೋದರೂ ಹೆಸರು ಕಾಣುತ್ತಿರಲಿ. ಎಲ್ಲ ಕಾಲಂ ತುಂಬಲೇಬೇಕು ಎಂದೇನಿಲ್ಲ. ಗೊತ್ತಿಲ್ಲದ್ದನ್ನು ಖಾಲಿ ಬಿಡಿ, ಊಹೆ ಮಾಡಿ ತುಂಬಬೇಡಿ.

ಸಂಖ್ಯೆಯನ್ನು 1001ರಿಂದ ಶುರು ಮಾಡಿ. 0001 ಎಂದು ಹೊಡೆದರೆ ಶೀಟ್ ಸೊನ್ನೆಗಳನ್ನೆಲ್ಲ ನುಂಗಿ ಬರೀ 1 ಎಂದು ಉಳಿಸುತ್ತದೆ. ಅದೇ ಸಂಖ್ಯೆಯನ್ನು ನಾಣ್ಯ ಇಡುವ ಹೋಲ್ಡರಿನ (ಪುಟ್ಟ ಲಕೋಟೆಯ ಅಥವಾ ಚೌಕಟ್ಟಿನ) ಮೇಲೂ ಬರೆಯಿರಿ. ನಾಣ್ಯದ ಮೇಲೆ ಮಾತ್ರ ಏನನ್ನೂ ಅಂಟಿಸಬೇಡಿ. ಹಾಗೆಯೇ ಹುಣಸೆಹಣ್ಣು ಹಾಕಿ ತಿಕ್ಕಿ ಫಳಫಳ ಹೊಳೆಯಿಸುವ ಆಸೆಯನ್ನೂ ದಯವಿಟ್ಟು ಬಿಟ್ಟುಬಿಡಿ, ತಿಕ್ಕಿದ ನಾಣ್ಯಕ್ಕೆ ಸಂಗ್ರಾಹಕರಲ್ಲಿ ಬೆಲೆ ಇಳಿಯುತ್ತದೆ, ಹೋದ ಮೇಲ್ಮೈ ಮತ್ತೆ ಬರುವುದಿಲ್ಲ.

ವರ್ಷಕ್ಕೆ ಎರಡು ಕಾಲಂ ಯಾಕೆ ಅಂದರೆ, ನಮ್ಮ ಕಡೆ ಸಿಗುವ ಟಿಪ್ಪುವಿನ ನಾಣ್ಯಗಳಲ್ಲಿ ಕ್ರಿ.ಶ. ಇರುವುದಿಲ್ಲ. ಅವನು ನಂತರದ ವರ್ಷಗಳಲ್ಲಿ ತಂದ ಮೌಲೂದಿ ಎಂಬ ವರ್ಷಗಣನೆಯಲ್ಲಿ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಕಂಡದ್ದನ್ನು ಕಂಡ ಹಾಗೆ ಒಂದು ಕಡೆ ಬರೆಯಿರಿ, ಲೆಕ್ಕ ಹಾಕಿ ತಿಳಿದದ್ದನ್ನು ಪಕ್ಕದಲ್ಲಿ. ನಾಳೆ ಲೆಕ್ಕ ತಪ್ಪೆಂದು ಗೊತ್ತಾದರೂ ಮೂಲ ಉಳಿದಿರುತ್ತದೆ ಅಲ್ವಾ.

ಕಾಲಾಣೆ ಏಪ್ರಿಲ್ ಆಗುವ ಕಥೆ

ಬ್ರಿಟಿಷ್ ಕಾಲದ ನಾಣ್ಯ ಇರುವವರೆಲ್ಲ ಇದನ್ನು ಗಮನಿಸಿ ಓದಿ. ಒಂದು ರೂಪಾಯಿಗೆ 16 ಆಣೆ, 64 ಪೈಸೆ, 192 ಪೈ. ಕಾಲಾಣೆಯ ಮೇಲೆ 1/4 ಎಂದೂ ಪೈ ಮೇಲೆ 1/12 ಎಂದೂ ಇರುತ್ತದೆ. ಅದನ್ನೇ ಶೀಟಿನಲ್ಲಿ ಹೊಡೆದರೆ ಅದು ತಾರೀಖು ಎಂದುಕೊಂಡು 1/4 ಅನ್ನು ಏಪ್ರಿಲ್ 1 ಮಾಡುತ್ತದೆ, ಸೆಟ್ಟಿಂಗ್ ಅಮೆರಿಕದ್ದಾಗಿದ್ದರೆ ಜನವರಿ 4. ಹಾಗೆಯೇ 1/12 ಡಿಸೆಂಬರ್ 1 ಆಗುತ್ತದೆ, ಅಮೆರಿಕದ ಸೆಟ್ಟಿಂಗಿನಲ್ಲಿ ಜನವರಿ 12. ನೋಡುವುದಕ್ಕೆ ಸರಿ ಇದ್ದಂತೆ ಕಂಡರೂ ಒಳಗೆ ಬೇರೆಯೇ ಅಂಕಿ ಕೂತಿರುತ್ತದೆ, ಆಮೇಲೆ ಹುಡುಕಿದರೆ ಸಿಗುವುದಿಲ್ಲ. ಟೈಪ್ ಮಾಡುವುದಕ್ಕೆ ಮುಂಚೆಯೇ ಮುಖಬೆಲೆಯ ಕಾಲಂ ಪೂರ್ತಿ ಆರಿಸಿ, ಫಾರ್ಮ್ಯಾಟ್ ಮೆನುವಿನಲ್ಲಿ ನಂಬರ್, ಅದರಲ್ಲಿ ಪ್ಲೇನ್ ಟೆಕ್ಸ್ಟ್ ಒತ್ತಿ. ಇಲ್ಲವೇ 'ಕಾಲಾಣೆ' ಎಂದೇ ಕನ್ನಡದಲ್ಲಿ ಬರೆಯಿರಿ, ನನಗೆ ಅದೇ ಇಷ್ಟ.

ಆದರೆ ಬಾಯಿಮಾತಿನ ಹೆಸರಿನಲ್ಲಿ ಒಂದು ತೊಡಕಿದೆ. 1957ರ ಏಪ್ರಿಲ್ 1ರಂದು ರೂಪಾಯಿಗೆ 100 ನಯಾ ಪೈಸೆ ಎಂದಾದ ಮೇಲೂ ನಮ್ಮ ಜನ 50 ಪೈಸೆಯನ್ನು ಎಂಟಾಣೆ ಎಂದೇ ಕರೆದರು, 25 ಪೈಸೆಯನ್ನು ನಾಲ್ಕಾಣೆ ಎಂದರು. 1946ರ ಅರ್ಧ ರೂಪಾಯಿಯೂ 1985ರ 50 ಪೈಸೆಯೂ ಹಾಳೆಯಲ್ಲಿ 'ಎಂಟಾಣೆ' ಆಗಿಬಿಟ್ಟರೆ ಎರಡು ಬೇರೆ ಕಾಲದ ನಾಣ್ಯ ಕಲಸಿಹೋಗುತ್ತವೆ. ನಾಣ್ಯದ ಮೇಲೆ ಏನು ಬರೆದಿದೆಯೋ ಅದೇ ಮುಖಬೆಲೆ.

ಮಿಂಟ್ ಗುರುತು ಬಿಡಬೇಡಿ

ಶುರುವಿನಲ್ಲಿ ಹೆಚ್ಚಿನವರು ಬಿಟ್ಟುಬಿಡುವ ಕಾಲಂ ಇದು. ಈಗಲೇ ಜೇಬಿನಿಂದ ಒಂದು ನಾಣ್ಯ ತೆಗೆದು ವರ್ಷದ ಕೆಳಗೆ ನೋಡಿ. ಸಣ್ಣ ವಜ್ರದಾಕಾರ ಇದ್ದರೆ ಮುಂಬೈ, ನಕ್ಷತ್ರವಿದ್ದರೆ ಹೈದರಾಬಾದ್, ದುಂಡು ಚುಕ್ಕಿಯಾದರೆ ನೊಯ್ಡಾ. ಏನೂ ಇಲ್ಲದಿದ್ದರೆ ಕೋಲ್ಕತ್ತ. ಒಂದೇ ವರ್ಷದ ಒಂದೇ ಬೆಲೆಯ ನಾಣ್ಯ ನಾಲ್ಕು ಕಡೆಯೂ ಆಗಿರಬಹುದು, ಸಂಗ್ರಾಹಕರಿಗೆ ಅವು ನಾಲ್ಕು ಬೇರೆ ನಾಣ್ಯ. 1985ರ ಒಂದು ರೂಪಾಯಿಯಲ್ಲಿ ಇಂಗ್ಲಿಷಿನ 'ಎಚ್' ಅಕ್ಷರ ಕಂಡರೆ ಅದು ಬರ್ಮಿಂಗ್‌ಹ್ಯಾಮಿನ ಹೀಟನ್ ಮಿಂಟಿನದ್ದು. ಸವೆದ ವಜ್ರ ಚುಕ್ಕಿಯಂತೆಯೇ ಕಾಣುವುದರಿಂದ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಒಂದು ಇಟ್ಟುಕೊಳ್ಳಿ.

ಈ ಕಾಲಂಗೆ ಡ್ರಾಪ್‌ಡೌನ್, ಅಂದರೆ ಆರಿಸಿಕೊಳ್ಳುವ ಪಟ್ಟಿ ಹಾಕಿ. ಗೂಗಲ್ ಶೀಟ್ಸಿನಲ್ಲಿ ಡೇಟಾ ಮೆನುವಿನ ಡೇಟಾ ವ್ಯಾಲಿಡೇಶನ್‌ಗೆ ಹೋಗಿ ನಾಲ್ಕು ಊರಿನ ಹೆಸರು, ಜತೆಗೆ 'ಬೇರೆ', 'ಗೊತ್ತಾಗಿಲ್ಲ' ಎಂದು ಕೊಟ್ಟರೆ ಆಯ್ತು. ಇದನ್ನು ಮಾಡದಿದ್ದರೆ ಇವತ್ತು ಮುಂಬೈ, ನಾಳೆ ಮುಂಬಯಿ, ನಾಡಿದ್ದು ಬಾಂಬೆ ಎಂದು ಹೊಡೆಯುತ್ತೀರಿ, ಫಿಲ್ಟರ್ ಮಾಡಿದಾಗ ಮೂರು ಮಿಂಟ್ ಕಾಣುತ್ತವೆ. ಲೋಹಕ್ಕೂ ಸ್ಥಿತಿಗೂ ಹೀಗೇ ಮಾಡಿ. ಸ್ಥಿತಿಗೆ ಸಂಗ್ರಾಹಕರು ಹೇಳುವ ಫೈನ್, ವೆರಿ ಫೈನ್, ಎಕ್ಸ್‌ಟ್ರಾ ಫೈನ್, ಯುಎನ್‌ಸಿ (ಬಳಕೆಗೆ ಬಾರದ, ಸವೆಯದ ನಾಣ್ಯ) ಸಾಕು, ಇವು ಕೆಳಗಿನಿಂದ ಮೇಲಿನ ಮೆಟ್ಟಿಲುಗಳು. ಅನುಮಾನವಿದ್ದರೆ ಒಂದು ಮೆಟ್ಟಿಲು ಕಮ್ಮಿಯೇ ಬರೆಯಿರಿ.

ಒಂದಿಷ್ಟು ತುಂಬಿದ ಮೇಲೆ ವರ್ಷದ ಪ್ರಕಾರ ಸಾರ್ಟ್ ಮಾಡಿ ನೋಡಿ, ತಪ್ಪುಗಳು ತಾವಾಗಿ ಎದ್ದು ಕಾಣುತ್ತವೆ. '1975, ನೊಯ್ಡಾ' ಎಂದಿದ್ದರೆ ಮತ್ತೆ ಭೂತಗನ್ನಡಿ ಹಿಡಿಯಿರಿ, ನೊಯ್ಡಾ ಮಿಂಟ್ ಶುರುವಾಗಿದ್ದೇ 1988ರಲ್ಲಿ.

ತೂಕ, ಫೋಟೊ

ಗ್ರಾಮಿನ ನೂರನೇ ಒಂದು ಭಾಗದವರೆಗೆ ತೋರಿಸುವ ಪುಟ್ಟ ತಕ್ಕಡಿ ತೆಗೆದುಕೊಳ್ಳಿ. ಮುಖ್ಯವಾಗಿ ಬೆಳ್ಳಿ ರೂಪಾಯಿಗೆ ಬೇಕು. ವಿಕ್ಟೋರಿಯಾ, ಎಡ್ವರ್ಡ್, ಐದನೇ ಜಾರ್ಜ್ ಕಾಲದ ರೂಪಾಯಿಯ ತೂಕ 11.66 ಗ್ರಾಂ. ಸವೆದರೆ ಸ್ವಲ್ಪ ಕಮ್ಮಿ ಬರಬಹುದು, ಆದರೆ 9 ಗ್ರಾಂ ಎಂದು ತೋರಿಸಿದರೆ ನಕಲಿ ಇರಬೇಕೆಂದು ಅನುಮಾನ ಪಡಲೇಬೇಕು. ಬಳಕೆಯ ಸ್ಟೀಲ್ ನಾಣ್ಯಗಳನ್ನೆಲ್ಲ ತೂಗುತ್ತ ಕೂರುವ ಅಗತ್ಯವಿಲ್ಲ.

ಫೋಟೊವನ್ನು ಕಿಟಕಿ ಬೆಳಕಿನಲ್ಲಿ ತೆಗೆಯಿರಿ, ಫ್ಲ್ಯಾಶ್ ಬೇಡ. ಎರಡೂ ಬದಿ ಬೇಕು. ಫೈಲಿಗೆ '1001 ಮುಂದೆ', '1001 ಹಿಂದೆ' ಎಂದು ಹೆಸರಿಟ್ಟರೆ ಹಾಳೆಗೂ ಫೋಟೊಗೂ ನಂಟು ತಪ್ಪುವುದಿಲ್ಲ. ಕಳವಾದರೆ ಪೊಲೀಸರಿಗೆ ತೋರಿಸಲು ಇವೇ ಫೋಟೊಗಳು ಬೇಕಾಗುತ್ತವೆ.

ಏನಿಲ್ಲ ಎಂದು ತಿಳಿಯುವುದು

ಇಷ್ಟು ಮಾಡಿದವರಿಗೆ ಸಿಗುವ ನಿಜವಾದ ಖುಷಿ ಪಿವಟ್ ಟೇಬಲ್, ಅಂದರೆ ಹಾಳೆಯ ಸಾಲುಗಳನ್ನು ಗುಂಪು ಮಾಡಿ ಎಣಿಸಿಕೊಡುವ ಪಟ್ಟಿ. ಇನ್ಸರ್ಟ್ ಮೆನುವಿನಲ್ಲಿದೆ. ಸಾಲಿಗೆ ವರ್ಷ, ಕಾಲಂಗೆ ಮಿಂಟ್, ಎಣಿಸುವುದಕ್ಕೆ ಸಂಖ್ಯೆ ಕೊಡಿ, ಮುಖಬೆಲೆಯನ್ನು ಫಿಲ್ಟರ್‌ಗೆ ಹಾಕಿ ಒಂದು ರೂಪಾಯಿ ಆರಿಸಿ. ಯಾವ ವರ್ಷ ಯಾವ ಮಿಂಟಿನದ್ದು ಎಷ್ಟಿದೆ, ಯಾವುದು ಎರಡೆರಡು ಇದೆ, ಎಲ್ಲಿ ಖಾಲಿ ಮನೆ ಎಂದು ಒಂದೇ ನೋಟಕ್ಕೆ ಗೊತ್ತಾಗುತ್ತದೆ. ನಾಣ್ಯ ಮೇಳಕ್ಕೆ ಹೋಗುವಾಗ ಇದೊಂದು ಮೊಬೈಲಿನಲ್ಲಿದ್ದರೆ ಇರುವುದನ್ನೇ ಮತ್ತೆ ಕೊಳ್ಳುವುದು ತಪ್ಪುತ್ತದೆ. ಖಾಲಿ ಮನೆ ಎಲ್ಲವೂ ತುಂಬುವಂಥದ್ದಲ್ಲ, ಎಲ್ಲ ಮಿಂಟೂ ಪ್ರತಿ ವರ್ಷ ಎಲ್ಲ ನಾಣ್ಯ ಮಾಡಿರುವುದಿಲ್ಲ. ಅದನ್ನು ಕ್ಯಾಟಲಾಗಿನಲ್ಲಿ ನೋಡಿಕೊಳ್ಳಬೇಕು.

ಆಪ್ ಬರುವುದು ಇಲ್ಲಿ

ನುಮಿಸ್ಟಾ ಎಂಬ ತಾಣದಲ್ಲಿ ಉಚಿತ ಖಾತೆ ತೆರೆದರೆ ಲೋಕದ ನಾಣ್ಯಗಳೆಲ್ಲ ಚಿತ್ರ, ತೂಕ, ಲೋಹದ ಸಮೇತ ಸಿಗುತ್ತವೆ. ನಿಮ್ಮ ನಾಣ್ಯ ಹುಡುಕಿ, ವರ್ಷ, ಮಿಂಟ್ ಆರಿಸಿ ಸಂಗ್ರಹಕ್ಕೆ ಸೇರಿಸಿದರಾಯ್ತು. ಅಲ್ಲಿಯ ಕ್ಯಾಟಲಾಗ್ ಸಂಖ್ಯೆಯನ್ನು ನಿಮ್ಮ ಹಾಳೆಯಲ್ಲೂ ಒಂದು ಕಾಲಂನಲ್ಲಿ ಬರೆದುಕೊಳ್ಳಿ. ಕಂಪ್ಯೂಟರಿನಲ್ಲೇ ಇರಲಿ ಎನ್ನುವವರಿಗೆ ಓಪನ್ ನುಮಿಸ್ಮ್ಯಾಟ್ ಎಂಬ ಉಚಿತ ಸಾಫ್ಟ್‌ವೇರ್ ಚೆನ್ನಾಗಿದೆ. ಫೋಟೊ ನೋಡಿ ನಾಣ್ಯ ಗುರುತಿಸುವ ಆಪ್‌ಗಳೂ ಇವೆ, ವಿದೇಶಿ ನಾಣ್ಯಕ್ಕೆ ಸಹಾಯವಾಗುತ್ತವೆ. ಆದರೆ ಪಾಳೆಯಗಾರರ ಕಾಸು, ವಿಜಯನಗರದ ತಾಮ್ರ ಇಂಥವನ್ನು ಅವು ಹೇಳಿದ ಮಾತ್ರಕ್ಕೆ ನಂಬಬೇಡಿ, ತಿಳಿದವರಿಗೆ ತೋರಿಸಿ. ಯಾವ ಆಪ್ ಆದರೂ ಮಾಹಿತಿಯನ್ನು ಎಕ್ಸೆಲ್ ಅಥವಾ ಸಿಎಸ್‌ವಿ (ಯಾವ ಶೀಟಿನಲ್ಲೂ ತೆರೆಯುವ ಸಾದಾ ಪಠ್ಯ) ಫೈಲಾಗಿ ಹೊರಗೆ ಕೊಡುತ್ತದೆಯೇ ಎಂದು ಮೊದಲೇ ನೋಡಿ. ಕೊಡದಿದ್ದರೆ ಅದರೊಳಗೆ ನಿಮ್ಮ ಸಂಗ್ರಹ ತುಂಬಬೇಡಿ.

ಬೆಲೆಯ ಕಾಲಂನಲ್ಲಿ ನೀವು ಕೊಟ್ಟದ್ದನ್ನು ಮಾತ್ರ ಬರೆಯಿರಿ. ಹಳೆ ಐದು ರೂಪಾಯಿಗೆ ಲಕ್ಷ ಕೊಡುತ್ತೇವೆ ಎನ್ನುವ ಜಾಹೀರಾತು ನಂಬಿ, ಮುಂಗಡ ಶುಲ್ಕ ಕಟ್ಟಿ ಮೋಸಹೋದವರಿದ್ದಾರೆ. ತನ್ನ ಹೆಸರಿನಲ್ಲಿ ಹೀಗೆ ಕಮಿಷನ್ ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಎಚ್ಚರಿಕೆ ಕೊಟ್ಟಿತ್ತು. ಇನ್ನೊಂದು, 100 ವರ್ಷ ದಾಟಿದ ನಾಣ್ಯ 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ಪುರಾತನ ವಸ್ತು. ಅಜ್ಜನ ನಾಣ್ಯ ಅಂತ ಅಮೆರಿಕದಲ್ಲಿರುವ ಮಗನ ಸೂಟ್‌ಕೇಸಿಗೆ ಹಾಕಿ ಕಳಿಸುವ ಹಾಗಿಲ್ಲ. ಹಾಳೆಯನ್ನು ವರ್ಷದ ಮೇಲೆ ಫಿಲ್ಟರ್ ಮಾಡಿದರೆ ಅಂಥವು ಯಾವುವು ಎಂದು ತಕ್ಷಣ ಗೊತ್ತಾಗುತ್ತದೆ.

ಮಾರಿದ, ಬದಲಾಯಿಸಿಕೊಂಡ ನಾಣ್ಯದ ಸಾಲನ್ನು ಅಳಿಸಬೇಡಿ. 'ಈಗ ಇದೆಯೇ' ಎನ್ನುವಲ್ಲಿ 'ಇಲ್ಲ' ಹಾಕಿ, ಯಾರಿಗೆ ಹೋಯಿತೆಂದು ಷರಾದಲ್ಲಿ ಬರೆಯಿರಿ. ಹಾಳೆಯ ಲಿಂಕನ್ನು ವಾಟ್ಸಾಪ್ ಗುಂಪಿಗೆ ಹಾಕಬೇಡಿ, ಎಲ್ಲಿಟ್ಟಿದೆ ಎನ್ನುವ ಕಾಲಂ ಅದರಲ್ಲೇ ಇದೆ. ತೋರಿಸಲೇಬೇಕಾದರೆ ಆ ಕಾಲಂ ತೆಗೆದ ಇನ್ನೊಂದು ಪ್ರತಿ ಮಾಡಿ. ಮನೆಯವರಲ್ಲಿ ಒಬ್ಬರಿಗೆ ಮಾತ್ರ ಪೂರ್ತಿ ಹಾಳೆ ನೋಡುವ ಅನುಮತಿ ಕೊಟ್ಟಿರಿ. ವರ್ಷಕ್ಕೊಮ್ಮೆ ಡೌನ್‌ಲೋಡ್ ಮಾಡಿ ಪೆನ್ ಡ್ರೈವಿಗೆ ಹಾಕಿ, ಒಂದು ಪ್ರಿಂಟ್ ತೆಗೆದು ನಾಣ್ಯಗಳ ಜತೆಗೇ ಇಡಿ.