ಗೀಕಿಯಲ್ಲಿ ಮದುವೆ ಫೋಟೋ ಆರಿಸುವ ಬಗೆ: ನನ್ನ ಅನುಭವ

ಕೊಡವ ಮದುವೆ ಎಂದರೆ ಎರಡು ದಿನದ ಕೆಲಸ. ಮುಗಿಸಿ ಬಂದಾಗ ಎರಡು ಕ್ಯಾಮೆರಾಗಳ ಕಾರ್ಡ್‌ಗಳಲ್ಲಿ ಸೇರಿ ಮೂರು ಸಾವಿರದಷ್ಟು ಫೋಟೋ ಇರುತ್ತವೆ. ಆಲ್ಬಮ್‌ಗೆ ಹೋಗುವುದು ಮುನ್ನೂರೋ ನಾನೂರೋ. ಬಣ್ಣ ತಿದ್ದುವುದು, ಪುಟ ಜೋಡಿಸುವುದು ಆಮೇಲಿನ ಮಾತು. ಅದಕ್ಕೂ ಮೊದಲು ಒಂದೊಂದನ್ನೂ ನೋಡಿ ಆರಿಸಬೇಕು. ಈ ಆರಿಸುವ ಕೆಲಸಕ್ಕೆ ಎಡಿಟಿಂಗ್ ತಂತ್ರಾಂಶ ತೆರೆಯಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಬೇಕಿರುವುದು ಒಳ್ಳೆಯ ಚಿತ್ರವೀಕ್ಷಕ: ಕೀಲಿಮಣೆಯಿಂದಲೇ ಓಡಬೇಕು, ಮೂಲ ಫೈಲ್ ಮುಟ್ಟಬಾರದು. ಲಿನಕ್ಸ್ ಮಿಂಟ್ (ವಿಂಡೋಸ್ ಬದಲಿಗೆ ಬಳಸುವ ಉಚಿತ ಕಾರ್ಯಾಚರಣೆ ವ್ಯವಸ್ಥೆ) ಹಾಕಿದ 4 ಜಿಬಿ ರ‍್ಯಾಮ್‌ನ ಹಳೆಯ ಲ್ಯಾಪ್‌ಟಾಪ್‌ನಲ್ಲಿ ನಾನು ಇದಕ್ಕೆ ಬಳಸುವುದು ಗೀಕಿ.

ಮಿಂಟ್ ಜೊತೆಗೇ ಬರುವ ಎಕ್ಸ್‌ವ್ಯೂವರ್ ಒಂದೆರಡು ಫೋಟೋ ನೋಡಲು ಚೆನ್ನ. ಆದರೆ ಅದರಲ್ಲಿ ಗುರುತು ಹಾಕಿ ಆರಿಸಲು, ನಾಲ್ಕು ಫೋಟೋ ಪಕ್ಕಪಕ್ಕ ಇಟ್ಟು ಹೋಲಿಸಲು ಆಗುವುದಿಲ್ಲ. ಗೀಕಿ 2008ರಲ್ಲಿ ಜಿಕ್ಯೂವ್ಯೂ ಎಂಬ ಹಳೆಯ ವೀಕ್ಷಕದಿಂದ ಕವಲೊಡೆದದ್ದು. ನೋಡಲು ಸ್ವಲ್ಪ ಹಳೇ ಕಾಲದ್ದು ಅನ್ನಿಸುತ್ತದೆ, ಕೆಲಸದಲ್ಲಿ ಮಾತ್ರ ಚುರುಕು. ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಜಿ-ಇ-ಇ-ಕ್ಯೂ-ಐ-ಇ ಎಂದು ಹುಡುಕಿದರೆ ಸಿಗುತ್ತದೆ.

ಮೊದಲು ಕಾರ್ಡ್. ಎಸ್‌ಡಿ ಕಾರ್ಡ್‌ನ ಬದಿಯಲ್ಲಿರುವ ಸಣ್ಣ ಲಾಕ್ ಗುಂಡಿಯನ್ನು ಕೆಳಕ್ಕೆ ಜಾರಿಸಿ ಆಮೇಲೆ ರೀಡರ್‌ಗೆ ಹಾಕುತ್ತೇನೆ. ಕಾರ್ಡ್‌ನಿಂದಲೇ ಫೋಟೋ ತೆರೆದು ನೋಡುವ ಅಭ್ಯಾಸ ಕೆಟ್ಟದ್ದು. ಕೈತಪ್ಪಿ ಒಂದು ಕೀಲಿ ಒತ್ತಿದರೆ ಮೂಲವೇ ತಿರುಗಿ ಉಳಿಯಬಹುದು, ಅಳಿಸಿಯೂ ಹೋಗಬಹುದು. ಎರಡೂ ಕಾರ್ಡ್‌ಗಳನ್ನು ಲ್ಯಾಪ್‌ಟಾಪ್‌ಗೆ ಪ್ರತಿ ಮಾಡಿ, ಫೈಲ್ ಎಣಿಕೆ ಎರಡೂ ಕಡೆ ಒಂದೇ ಇದೆಯೇ ನೋಡಿ, ಇನ್ನೊಂದು ಪ್ರತಿ ಹೊರಗಿನ ಹಾರ್ಡ್‌ಡಿಸ್ಕ್‌ಗೆ ಹೋದ ಮೇಲೆಯೇ ಆರಿಸಲು ಕೂರುವುದು.

ಗೀಕಿಯ ಪ್ರಿಫರೆನ್ಸಸ್‌ನಲ್ಲಿ ಮೂರು ಸಂಗತಿ ಬದಲಿಸಲೇಬೇಕು. ಹೊಸ ಚಿತ್ರಕ್ಕೆ ಹೋದಾಗ ಝೂಮ್ ಏನಾಗಬೇಕು ಎಂಬಲ್ಲಿ ‘ಹಿಂದಿನದ್ದೇ ಇರಲಿ’ ಎಂಬ ಆಯ್ಕೆ, ಸ್ಕ್ರಾಲ್ ಎಲ್ಲಿರಬೇಕು ಎಂಬಲ್ಲಿ ‘ಹಿಂದಿನ ಚಿತ್ರದ ಜಾಗ’ ಎಂಬ ಆಯ್ಕೆ. ಇವೆರಡೂ ಇದ್ದರೆ ಮದುಮಗಳ ಕಣ್ಣಿನ ಮೇಲೆ ಝೂಮ್ ಮಾಡಿ ಸ್ಪೇಸ್ ಒತ್ತುತ್ತಾ ಹೋದಂತೆ ಮುಂದಿನ ಫೋಟೋದಲ್ಲೂ ಕಣ್ಣಿನ ಜಾಗವೇ ತೆರೆದುಕೊಳ್ಳುತ್ತದೆ. ಒಂದೇ ಭಂಗಿಯಲ್ಲಿ ಹೊಡೆದ ಏಳೆಂಟು ಫೋಟೋಗಳಲ್ಲಿ ಯಾವುದು ಫೋಕಸ್ ಆಗಿದೆ ಎಂಬುದು ಹತ್ತು ಸೆಕೆಂಡಿನಲ್ಲಿ ಗೊತ್ತಾಗಿಬಿಡುತ್ತದೆ.

ಮೂರನೆಯದು ಕ್ಯಾಶ್‌ನ ಗಾತ್ರ, ಅಂದರೆ ಬಿಡಿಸಿದ ಚಿತ್ರಗಳನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಮೆಮೊರಿಯ ಗಾತ್ರ. 24 ಮೆಗಾಪಿಕ್ಸೆಲ್ ಫೋಟೋ ಎಂದರೆ 6000 × 4000 ಬಿಂದು. ಡಿಸ್ಕ್ ಮೇಲೆ ಜೆಪೆಗ್ ಹತ್ತು ಎಂಬಿ ಇದ್ದರೂ ಪರದೆಗೆ ತರಲು ಬಿಡಿಸಿದಾಗ ಬಿಂದುವಿಗೆ 3 ಬೈಟ್‌ನಂತೆ 72 ಎಂಬಿ ಮೆಮೊರಿ ಹಿಡಿಯುತ್ತದೆ. ಕ್ಯಾಶ್ 128 ಎಂಬಿ ಇದ್ದರೆ ಒಂದೇ ಫೋಟೋಗೆ ಜಾಗ, ಹಿಂದೆ ಮುಂದೆ ಹೋದಾಗಲೆಲ್ಲ ಮತ್ತೆ ಬಿಡಿಸಬೇಕು, ಅದಕ್ಕೇ ತಡವರಿಸುತ್ತದೆ. ನಾನು 512 ಎಂಬಿ ಕೊಟ್ಟಿದ್ದೇನೆ. ಏಳು ಫೋಟೋ ಹಿಡಿಯುತ್ತವೆ, ಅಷ್ಟು ಸಾಕು. 4 ಜಿಬಿ ಯಂತ್ರದಲ್ಲಿ ಇದಕ್ಕಿಂತ ಹೆಚ್ಚು ಕೊಟ್ಟರೆ, ಜೊತೆಗೆ ಬ್ರೌಸರ್ ಕೂಡ ತೆರೆದಿದ್ದರೆ, ಸ್ವಾಪ್ (ಮೆಮೊರಿ ಸಾಲದೆ ಡಿಸ್ಕನ್ನೇ ಮೆಮೊರಿಯಂತೆ ಬಳಸುವುದು) ಶುರುವಾಗಿ ಎಲ್ಲವೂ ಮಂದವಾಗುತ್ತದೆ. ಮುಂದಿನ ಚಿತ್ರವನ್ನು ಮೊದಲೇ ತಂದಿಟ್ಟುಕೊಳ್ಳುವ ಆಯ್ಕೆಯನ್ನೂ ಆನ್ ಮಾಡಿ.

ಇನ್ನು ಕೀಲಿಗಳು. ಸ್ಪೇಸ್ ಮುಂದಕ್ಕೆ, ಬ್ಯಾಕ್‌ಸ್ಪೇಸ್ ಹಿಂದಕ್ಕೆ. ಎಫ್ ಒತ್ತಿದರೆ ಪೂರ್ತಿ ಪರದೆ. ಝಡ್ ಒತ್ತಿದರೆ ನೂರಕ್ಕೆ ನೂರು ಗಾತ್ರ, ಎಕ್ಸ್ ಒತ್ತಿದರೆ ಪರದೆಗೆ ಹೊಂದುವ ಗಾತ್ರ. ಈ ಝಡ್ ಒಂದನ್ನು ಮರೆಯಬೇಡಿ. 1366 × 768 ಪರದೆಯಲ್ಲಿ ಇಡೀ ಫೋಟೋ ತೋರಿಸುವಾಗ ಅದು ಐದನೇ ಒಂದು ಭಾಗಕ್ಕೆ ಕುಗ್ಗಿರುತ್ತದೆ. ಅಷ್ಟು ಕುಗ್ಗಿದಾಗ ಕೈ ಅಲುಗಿದ ಫೋಟೋ ಕೂಡ ಚೂಪಾಗಿಯೇ ಕಾಣುತ್ತದೆ, ಆಲ್ಬಮ್‌ನ ದೊಡ್ಡ ಪುಟದಲ್ಲಿ ಅಚ್ಚಾದ ಮೇಲೆ ಬಣ್ಣ ಬಯಲಾಗುತ್ತದೆ.

ಗುರುತುಗಳೇ ಗೀಕಿಯ ಜೀವಾಳ. 1 ಒತ್ತಿದರೆ ಒಂದನೇ ಗುರುತು ಬೀಳುತ್ತದೆ, ಮತ್ತೆ ಒತ್ತಿದರೆ ಹೋಗುತ್ತದೆ. ಉಳಿದ ಅಂಕಿಗಳೂ ಹಾಗೆಯೇ. ನನ್ನ ಲೆಕ್ಕದಲ್ಲಿ 1 ಎಂದರೆ ಆಲ್ಬಮ್‌ಗೆ, 2 ಎಂದರೆ ಅನುಮಾನ, 3 ಎಂದರೆ ಹಿರಿಯರು. ಮೂರನೆಯದನ್ನು ಬೇರೆಯೇ ಇಟ್ಟಿದ್ದಕ್ಕೆ ಕಾರಣವಿದೆ. ‘ಅಜ್ಜಿ ಇರುವ ಫೋಟೋ ಒಂದೂ ಬಿಡಬೇಡಿ’ ಎನ್ನದ ಮನೆ ಇಲ್ಲ. ಫೋಕಸ್ ಸ್ವಲ್ಪ ತಪ್ಪಿದ್ದರೂ, ಬೆಳಕು ಕಡಿಮೆಯಿದ್ದರೂ ಒಕ್ಕದ (ಕೊಡವ ಮನೆತನದ) ಹಿರಿಯರ ಫೋಟೋ ಉಳಿಯಬೇಕು. ಎರಡು ಸೆಕೆಂಡಿಗೆ ಒಂದರಂತೆ ನೋಡಿದರೆ ಮೂರು ಸಾವಿರ ಫೋಟೋಗೆ ನೂರು ನಿಮಿಷ. ಮೊದಲ ಸುತ್ತಿನಲ್ಲಿ ಏನನ್ನೂ ಅಳಿಸುವುದಿಲ್ಲ, ಗುರುತು ಮಾತ್ರ. ಎರಡನೇ ಸುತ್ತು ಮಾರನೇ ದಿನ, ಕಣ್ಣು ಹೊಸದಾದ ಮೇಲೆ, 2 ಬಿದ್ದವುಗಳದ್ದು.

ಒಂದು ಎಚ್ಚರಿಕೆ. ಮುಚ್ಚುವಾಗ ಗುರುತು ಉಳಿಸಬೇಕು ಎಂಬ ಆಯ್ಕೆ ಪ್ರಿಫರೆನ್ಸಸ್‌ನಲ್ಲಿದೆ, ಅದು ಆನ್ ಇರದಿದ್ದರೆ ಎರಡು ಗಂಟೆಯ ಕೆಲಸ ಕಿಟಕಿ ಮುಚ್ಚಿದೊಡನೆ ಹೋಗುತ್ತದೆ. ಆನ್ ಇದ್ದರೂ ಗುರುತು ಫೋಟೋದೊಳಗೆ ಇರುವುದಿಲ್ಲ, ಫೈಲ್ ಇರುವ ಜಾಗದ ಹೆಸರಿಗೆ ಅಂಟಿಕೊಂಡಿರುತ್ತದೆ. ನಡುವೆ ಫೋಲ್ಡರ್‌ನ ಹೆಸರು ಬದಲಿಸಿದರೆ ಗುರುತುಗಳಿಗೆ ಫೋಟೋ ಸಿಗುವುದಿಲ್ಲ. ಹಾಗಾಗಿ ಫೋಲ್ಡರ್‌ಗೆ ಹೆಸರಿಡುವ ಕೆಲಸ ಮೊದಲೇ ಆಗಲಿ. ಸುತ್ತು ಮುಗಿದ ಮೇಲೆ ಕಂಟ್ರೋಲ್ ಮತ್ತು 1 ಒತ್ತಿದರೆ ಒಂದನೇ ಗುರುತಿನವೆಲ್ಲ ಒಟ್ಟಿಗೆ ಆಯ್ಕೆಯಾಗುತ್ತವೆ. ಆಮೇಲೆ ಕಂಟ್ರೋಲ್-ಸಿ ಒತ್ತಿ ಬೇರೆ ಫೋಲ್ಡರ್‌ಗೆ ಪ್ರತಿ. ಸರಿಸುವುದಲ್ಲ, ಪ್ರತಿಯೇ. ಜೆಪೆಗ್ ಮತ್ತು ರಾ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಫೈಲ್) ಎರಡನ್ನೂ ಹೊಡೆದಿದ್ದರೆ ಒಂದೇ ಹೆಸರಿನ ಜೋಡಿಯನ್ನು ಗೀಕಿ ಒಂದಾಗಿ ಹಿಡಿಯುತ್ತದೆ, ರಾ ಫೈಲ್ ಹಿಂದೆ ಉಳಿಯುವ ತಾಪತ್ರಯವಿಲ್ಲ.

ರಾ ಬಗ್ಗೆ ಇನ್ನೊಂದು ಮಾತು: ವೀಕ್ಷಕ ತೋರಿಸುವುದು ರಾ ಒಳಗೆ ಕ್ಯಾಮೆರಾ ಹುದುಗಿಸಿಟ್ಟ ಜೆಪೆಗ್ ಅನ್ನು. ಕಪ್ಪು ಕುಪ್ಯದ (ಕೊಡವ ಗಂಡಸರ ನಿಲುವಂಗಿಯ) ಮಡಿಕೆಗಳು ಮುಚ್ಚಿಹೋದಂತೆ ಕಂಡರೂ ರಾ ಒಳಗೆ ವಿವರ ಇರಬಹುದು. ಕೆಲವು ಹಳೆಯ ಕ್ಯಾಮೆರಾಗಳಲ್ಲಿ ಆ ಜೆಪೆಗ್ ಚಿಕ್ಕದಿರುತ್ತದೆ, ಅದರ ಮೇಲೆ ಫೋಕಸ್ ತೀರ್ಮಾನ ಮಾಡಬಾರದು.

ಹೋಲಿಸಿ ನೋಡಲು ಕ್ಯೂ ಒತ್ತಿದರೆ ಪರದೆ ನಾಲ್ಕು ಭಾಗವಾಗುತ್ತದೆ. ಒಂದೊಂದು ಭಾಗದ ಮೇಲೆ ಕ್ಲಿಕ್ ಮಾಡಿ ಬೇಕಾದ ಫೋಟೋ ಕೂರಿಸಿ, ಶಿಫ್ಟ್-ಝಡ್ ಒತ್ತಿದರೆ ನಾಲ್ಕೂ ಒಟ್ಟಿಗೆ ಪೂರ್ತಿ ಗಾತ್ರಕ್ಕೆ ಬರುತ್ತವೆ. ಮತ್ತೆ ಒಂದೇ ಚಿತ್ರಕ್ಕೆ ಬರಲು ವೈ. ತೋಟದವರಿಗೂ ಇದು ಉಪಯೋಗ. ಒಂದೇ ಕಾಫಿ ಗಿಡದ ಎಲೆಯ ಅಡಿಭಾಗವನ್ನು ಹದಿನೈದು ದಿನಕ್ಕೊಮ್ಮೆ ತೆಗೆದಿಟ್ಟು ಪಕ್ಕಪಕ್ಕ ಹಾಕಿದರೆ ತುಕ್ಕು ರೋಗದ ಕಿತ್ತಳೆ ಪುಡಿ ಎಷ್ಟು ಹರಡಿದೆ ಎಂಬುದನ್ನು ಬಾಯಲ್ಲಿ ವರ್ಣಿಸುವ ಅಗತ್ಯವಿಲ್ಲ.

ಈಗ ನಾನು ಅತಿ ಹೆಚ್ಚು ಜಾಗ್ರತೆ ಹೇಳುವ ವಿಷಯ. ಡಿ ಒತ್ತಿದರೆ ನಕಲು ಹುಡುಕುವ ಕಿಟಕಿ ತೆರೆಯುತ್ತದೆ. ಅದರಲ್ಲಿ ಹೆಸರು, ಗಾತ್ರ, ಚೆಕ್‌ಸಮ್, ಹೋಲಿಕೆ ಎಂದು ಹಲವು ಬಗೆಯ ತಾಳೆ ಇದೆ. ಹೋಲಿಕೆ ನೋಡಿ ಅಳಿಸುವ ಆಸೆ ಎಲ್ಲರಿಗೂ ಆಗುತ್ತದೆ, ನಮ್ಮ ಮದುವೆಗಳಲ್ಲಿ ಅದನ್ನು ಮಾಡಲೇಬಾರದು. ದಂಪತಿ ಮುಹೂರ್ತದ ಹೊತ್ತನ್ನು ನೆನೆಸಿಕೊಳ್ಳಿ. ಮದುಮಗಳು ಮುಕ್ಕಾಲಿಯ ಮೇಲೆ ಕೂತಿರುತ್ತಾಳೆ, ನೆಂಟರು ಒಬ್ಬೊಬ್ಬರಾಗಿ ಬಂದು ಅಕ್ಕಿ ಹಾಕಿ, ಕಿಂಡಿಯಿಂದ (ಕೊಳವೆಬಾಯಿಯ ಪಾತ್ರೆಯಿಂದ) ಹಾಲು ಕುಡಿಸಿ, ಹಣ ಕೊಟ್ಟು ಹೋಗುತ್ತಾರೆ. ಕ್ಯಾಮೆರಾ ಟ್ರೈಪಾಡ್ ಮೇಲೆ ಒಂದೇ ಕಡೆ. ಹಿನ್ನೆಲೆ ಅದೇ, ಕೆಂಪು ಸೀರೆ ಅದೇ, ಬೆಳಕು ಅದೇ, ಬದಲಾಗುವುದು ಅಂಚಿನಲ್ಲಿ ಬಗ್ಗಿ ನಿಂತ ಒಬ್ಬ ಮನುಷ್ಯ ಮಾತ್ರ. ಹೋಲಿಕೆ ಹುಡುಕುವ ಲೆಕ್ಕ ಚಿತ್ರವನ್ನು ತೀರಾ ಚಿಕ್ಕದಾಗಿ ಕುಗ್ಗಿಸಿ ಬಣ್ಣ ತಾಳೆ ನೋಡುತ್ತದೆ. ಅದರ ಕಣ್ಣಿಗೆ ಇವೆಲ್ಲ ಒಂದೇ. ಆದರೆ ಪ್ರತಿ ಫೋಟೋದಲ್ಲೂ ಒಂದೊಂದು ಮನೆಯ ನೆಂಟರಿದ್ದಾರೆ, ಅವರಿಗೆ ಆ ಮದುವೆಯಲ್ಲಿ ಇರುವುದು ಅದೊಂದೇ ಫೋಟೋ ಆಗಿರಬಹುದು. ಎರಡು ಸಲ ಪ್ರತಿಯಾದ ಫೈಲ್ ತೆಗೆಯಲು ಚೆಕ್‌ಸಮ್ ತಾಳೆ ಮಾತ್ರ ಬಳಸಿ. ಅದು ಬೈಟ್‌ಗೆ ಬೈಟ್ ಒಂದೇ ಇದ್ದರಷ್ಟೇ ತೋರಿಸುತ್ತದೆ.

ಎರಡು ಕ್ಯಾಮೆರಾ ಇದ್ದಾಗ ಗಡಿಯಾರ ತಾಳೆಯಾಗದಿದ್ದರೆ ಅನುಕ್ರಮ ಕಲಸಿಹೋಗುತ್ತದೆ. ದಿಬ್ಬಣ ಬಂದ ಮೇಲೆ ನಡೆಯುವ ಬಾಳೆ ಕಡಿಯುವ ಶಾಸ್ತ್ರ ಒಂದು ಕ್ಯಾಮೆರಾದಲ್ಲಿ ಮೊದಲು, ದಿಬ್ಬಣ ಬರುವುದು ಇನ್ನೊಂದರಲ್ಲಿ ಆಮೇಲೆ! ಬೆಳಿಗ್ಗೆ ಕೆಲಸ ಶುರುಮಾಡುವ ಮೊದಲು ಮೊಬೈಲ್‌ನಲ್ಲಿ ಸೆಕೆಂಡ್ ತೋರಿಸುವ ಗಡಿಯಾರ ಇಟ್ಟು ಎರಡೂ ಕ್ಯಾಮೆರಾದಲ್ಲಿ ಅದರ ಫೋಟೋ ಹೊಡೆದುಕೊಳ್ಳಿ. ಆ ಫೋಟೋಗಳಲ್ಲಿ ಕಾಣುವ ಸಮಯದಿಂದ ಫೈಲ್‌ನಲ್ಲಿ ಬರೆದಿರುವ ಸಮಯವನ್ನು ಕಳೆದರೆ ವ್ಯತ್ಯಾಸ ಸಿಗುತ್ತದೆ. ಫೋಟೋ ಫೈಲ್‌ನೊಳಗಿನ ಸಮಯದಂಥ ಮಾಹಿತಿ ತಿದ್ದುವ ಎಕ್ಸಿಫ್‌ಟೂಲ್‌ನಲ್ಲಿ ಒಂದು ಕ್ಯಾಮೆರಾದ ಫೋಲ್ಡರ್‌ಗೆ ಅಷ್ಟು ನಿಮಿಷ ಕೂಡಿಸಿ ಅಥವಾ ಕಳೆದು, ಗೀಕಿಯಲ್ಲಿ ಚಿತ್ರ ತೆಗೆದ ಸಮಯದ ಪ್ರಕಾರ ವಿಂಗಡಿಸಿ. ಎಕ್ಸಿಫ್‌ಟೂಲ್ ಸಹಜವಾಗಿ ಹಳೆಯ ಫೈಲನ್ನು ‘ಒರಿಜಿನಲ್’ ಎಂಬ ಬಾಲದೊಂದಿಗೆ ಪಕ್ಕದಲ್ಲೇ ಉಳಿಸುತ್ತದೆ, ಡಿಸ್ಕ್‌ನಲ್ಲಿ ಎರಡರಷ್ಟು ಜಾಗ ಇರಲಿ. ವಾಟ್ಸಾಪ್‌ನಲ್ಲಿ ನೆಂಟರು ಕಳಿಸಿದ ಫೋಟೋಗಳಲ್ಲಿ ಈ ಸಮಯವೇ ಇರುವುದಿಲ್ಲ, ಅವಕ್ಕೆ ಬೇರೆ ಫೋಲ್ಡರ್.

ಐಫೋನ್‌ನಿಂದ ಬಂದ ಎಚ್ಇಐಸಿ ಫೈಲ್ ತೆರೆಯದಿದ್ದರೆ ಲಿಬ್‌ಹೀಫ್ ಎಕ್ಸಾಂಪಲ್ಸ್ ಎಂಬ ಪ್ಯಾಕೇಜ್ ಹಾಕಿ, ಅದರಲ್ಲಿ ಬರುವ ಹೀಫ್-ಕನ್ವರ್ಟ್‌ನಿಂದ ಜೆಪೆಗ್ ಮಾಡಿಕೊಳ್ಳಬಹುದು.

ಅಡ್ಡ ಬಿದ್ದ ಫೋಟೋಗಳ ದೂರು ಬರುವುದು ಸಾಮಾನ್ಯವಾಗಿ ಅಚ್ಚಿನ ಲ್ಯಾಬ್‌ನಿಂದ. ಕ್ಯಾಮೆರಾ ಉದ್ದ ಹಿಡಿದು ಹೊಡೆದಾಗ ಬಿಂದುಗಳು ತಿರುಗುವುದಿಲ್ಲ, ‘ಹೀಗೆ ತಿರುಗಿಸಿ ತೋರಿಸು’ ಎಂಬ ಸೂಚನೆ ಮಾತ್ರ ಫೈಲ್‌ನಲ್ಲಿ ಬರೆದಿರುತ್ತದೆ. ಗೀಕಿ ಅದನ್ನು ಪಾಲಿಸುತ್ತದೆ, ಎಲ್ಲ ತಂತ್ರಾಂಶಗಳೂ ಪಾಲಿಸುವುದಿಲ್ಲ. ಲ್ಯಾಬ್‌ಗೆ ಕಳಿಸುವ ಪ್ರತಿಯ ಮೇಲೆ ಎಕ್ಸಿಫ್‌ಟ್ರಾನ್ ಎಂಬ ಸಣ್ಣ ತಂತ್ರಾಂಶ ಓಡಿಸಿದರೆ ಬಿಂದುಗಳೇ ತಿರುಗುತ್ತವೆ, ಗುಣಮಟ್ಟವೂ ಹಾಳಾಗುವುದಿಲ್ಲ. ಜೆಪೆಗ್ 8 ಅಥವಾ 16 ಬಿಂದುಗಳ ಚೌಕಗಳಲ್ಲಿ ಜೋಡಿಸಿದ್ದು. 6000 ಮತ್ತು 4000 ಎರಡೂ 16ರಿಂದ ಭಾಗವಾಗುವುದರಿಂದ ಚೌಕಗಳು ಹಾಗೇ ತಿರುಗುತ್ತವೆ. ಕತ್ತರಿಸಿದ ಫೋಟೋದಲ್ಲಿ ಅಳತೆ ಭಾಗವಾಗದಿದ್ದರೆ ಅಂಚಿನಲ್ಲಿ ಒಂದು ಸಣ್ಣ ಪಟ್ಟಿ ಕೆಡಬಹುದು. ಅದಕ್ಕೇ ತಿರುಗಿಸುವುದು ಮೊದಲು, ಕತ್ತರಿಸುವುದು ಆಮೇಲೆ.

ಕನ್ನಡದಲ್ಲಿ ಫೈಲ್ ಹೆಸರಿಡಲು ಹಿಂಜರಿಯಬೇಡಿ. ಚೌಕ ಚೌಕವಾಗಿ ಕಂಡರೆ ಫಾಂಟ್ ಇಲ್ಲವೆಂದರ್ಥ. ಫಾಂಟ್ಸ್-ಗುಬ್ಬಿ ಪ್ಯಾಕೇಜ್ ಹಾಕಿದರೆ ಗುಬ್ಬಿ, ಫಾಂಟ್ಸ್-ನವಿಲು ಹಾಕಿದರೆ ನವಿಲು ಬರುತ್ತದೆ. ಹೆಸರು ಚಿಕ್ಕದಿರಲಿ. ಲಿನಕ್ಸ್ ಡಿಸ್ಕ್‌ನಲ್ಲಿ ಫೈಲ್ ಜೋಡಿಸಿಡುವ ಇಎಕ್ಸ್‌ಟಿ4 ವ್ಯವಸ್ಥೆಯಲ್ಲಿ ಹೆಸರಿಗೆ 255 ಬೈಟ್ ಮಿತಿ. ಕನ್ನಡದ ಒಂದೊಂದು ಅಕ್ಷರಭಾಗ, ಒತ್ತು ಗುಣಿತದ ಚಿಹ್ನೆಗಳೂ ಸೇರಿ, 3 ಬೈಟ್. ‘ಕೈಲ್ಪೊಳ್ದ್’ (ಕೊಡವರ ಒಂದು ಹಬ್ಬ) ಎಂಬ ಪುಟ್ಟ ಪದಕ್ಕೇ 30 ಬೈಟ್ ಆಗುತ್ತದೆ.

ಮನೆಯವರು ಟಿವಿಗೆ ಹಾಕಿ ಒಟ್ಟಿಗೆ ನೋಡಬೇಕೆಂದರೆ ಫೆ ಎಂಬ ಹಗುರ ವೀಕ್ಷಕ (ಎಫ್-ಇ-ಎಚ್) ಸಾಕು. ಪೂರ್ತಿ ಪರದೆ, ಎಂಟು ಸೆಕೆಂಡಿಗೊಂದು ಚಿತ್ರ. ಅದರಲ್ಲಿ ಡಿಲೀಟ್ ಒತ್ತಿದರೆ ಪಟ್ಟಿಯಿಂದ ಮಾತ್ರ ಹೋಗುತ್ತದೆ, ಕಂಟ್ರೋಲ್ ಜೊತೆಗೆ ಒತ್ತಿದರೆ ಡಿಸ್ಕ್‌ನಿಂದಲೇ ಹೋಗುತ್ತದೆ, ಕಸದಬುಟ್ಟಿಗೂ ಹೋಗುವುದಿಲ್ಲ. ಕೀಲಿಮಣೆ ಮಕ್ಕಳ ಕೈಗೆ ಕೊಡಬೇಡಿ, ತೋರಿಸುವುದು ಪ್ರತಿಯನ್ನೇ ಆಗಿರಲಿ.

ಹೊರಗಿನ ಡಿಸ್ಕ್‌ನಲ್ಲಿ ಅಳಿಸಿದರೂ ಜಾಗ ಖಾಲಿಯಾಗದಿದ್ದರೆ ಆ ಡಿಸ್ಕ್‌ನಲ್ಲೇ ‘ಟ್ರ್ಯಾಶ್’ ಎಂದು ಶುರುವಾಗುವ ಅಡಗಿದ ಫೋಲ್ಡರ್ ಇರುತ್ತದೆ, ಫೈಲ್ ಮ್ಯಾನೇಜರ್‌ನಲ್ಲಿ ಕಂಟ್ರೋಲ್-ಎಚ್ ಒತ್ತಿದರೆ ಕಾಣುತ್ತದೆ. ಕಸದಬುಟ್ಟಿ ಖಾಲಿ ಮಾಡಿದರೆ ಸರಿಹೋಗುತ್ತದೆ. ಮಳೆಗಾಲದಲ್ಲಿ ಇನ್ನೊಂದು ಜಾಗ್ರತೆ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರೆಂಟ್ ಯಾವ ಗಳಿಗೆಯಲ್ಲೂ ಹೋಗಬಹುದು. ಪ್ರತಿ ಮಾಡುವ ಪಟ್ಟಿ ನೂರಕ್ಕೆ ತಲುಪಿತೆಂದು ಕೇಬಲ್ ಕೀಳಬೇಡಿ. ಆ ಹೊತ್ತಿಗೆ ಕೊನೆಯ ಫೋಟೋಗಳು ಇನ್ನೂ ರ‍್ಯಾಮ್‌ನಲ್ಲೇ ಇರಬಹುದು. ಇಜೆಕ್ಟ್ ಒತ್ತಿ, ‘ತೆಗೆಯಬಹುದು’ ಎಂಬ ಸೂಚನೆ ಬರುವವರೆಗೆ ಕಾದು, ಮತ್ತೆ ಚುಚ್ಚಿ, ಕೊನೆಯ ಹತ್ತು ಫೋಟೋಗಳನ್ನು ಗೀಕಿಯಲ್ಲಿ ತೆರೆದು ನೋಡಿದ ಮೇಲೆಯೇ ನಾನು ಕಾರ್ಡ್ ಫಾರ್ಮ್ಯಾಟ್ ಮಾಡುವುದು.